ಉಳಿದಿರುವ ಆಂಟಿಬಯೋಟಿಕ್ ಡ್ರಾಪ್ಸ್ ಕಣ್ಣಿಗೂ ಕಿವಿಗೂ ಹಾಕಬಹುದಾ?

ಹಾಕಬೇಡಿ. ಮಗಳ ಕಣ್ಣಿಗೂ ಬೇಡ, ಯಜಮಾನರ ಕಿವಿಗೂ ಬೇಡ.

ನೀವು ಬರೆದಿದ್ದು ಇಷ್ಟು ಅಲ್ವಾ: ಬೇಸಿಗೆಯಲ್ಲಿ ತಂದ ಸಿಪ್ರೋಫ್ಲಾಕ್ಸಾಸಿನ್ ಡ್ರಾಪ್ಸ್ ಅರ್ಧ ಉಳಿದಿದೆ, ಮೇಲೆ ಕಣ್ಣು ಮತ್ತು ಕಿವಿಗೆ ಅಂತ ಇದೆ, ಎಕ್ಸ್‌ಪೈರಿಗೆ ಇನ್ನೂ ಟೈಮ್ ಇದೆ, ಈಗ ಮಗಳಿಗೆ ಕಣ್ಣು ಕೆಂಪಾಗಿದೆ, ಯಜಮಾನರಿಗೆ ಕಿವಿ ಸೋರುತ್ತಿದೆ, ಮಳೆ ಬಿಡುತ್ತಿಲ್ಲ, ಅದನ್ನೇ ಇಬ್ಬರಿಗೂ ಹಾಕಿದರೆ ಆಗುತ್ತದಾ ಅಂತ. ನಾನು ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಮಳೆಗಾಲ ಶುರುವಾದರೆ ಇದನ್ನು ಕೇಳಿಕೊಂಡು ಬರುವವರು ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಾಟಲಿ ಮೇಲಿನ ಎಕ್ಸ್‌ಪೈರಿ ತಾರೀಖು ಸೀಲ್ ಒಡೆಯದ ಬಾಟಲಿಗೆ ಮಾತ್ರ. ಒಡೆದ ಮೇಲೆ ಸಾಮಾನ್ಯವಾಗಿ ನಾಲ್ಕು ವಾರ, ಅಷ್ಟೇ. ಲೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಯಾರೂ ಓದುವುದಿಲ್ಲ. ಹಾಕುವಾಗ ತುದಿ ರೆಪ್ಪೆಗೆ ತಾಗುತ್ತದೆ, ಬೆರಳಿಗೆ ತಾಗುತ್ತದೆ, ಅಲ್ಲಿಂದ ಕೀಟಾಣು ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಒಡೆದ ಬಾಟಲಿಯನ್ನು ಈಗ ಹಾಕಿದರೆ ಇಲ್ಲದ ಸೋಂಕನ್ನು ನೀವೇ ಕೊಟ್ಟ ಹಾಗೆ ಆಗಬಹುದು. ಮುಂದೆ ಯಾವ ಡ್ರಾಪ್ಸ್ ತಂದರೂ ಒಡೆದ ದಿನವೇ ಪೆನ್ನಿನಲ್ಲಿ ಲೇಬಲ್ ಮೇಲೆ ತಾರೀಖು ಬರೆದಿಡಿ. ಮತ್ತೆ ಒಬ್ಬರಿಗೆ ಒಂದೇ ಬಾಟಲಿ. ಮನೆಯವರೆಲ್ಲ ಹಂಚಿಕೊಳ್ಳುವ ವಸ್ತು ಅಲ್ಲ ಅದು.

ಕಣ್ಣಿನ ಡ್ರಾಪ್ಸನ್ನು ಕಿವಿಗೆ ಡಾಕ್ಟರೇ ಕೆಲವು ಸಲ ಬರೆದುಕೊಡುತ್ತಾರೆ, ಅದು ನಿಜ. ಉಲ್ಟಾ ಮಾತ್ರ ಯಾವತ್ತೂ ಮಾಡಬಾರದು. ಕಿವಿಗೆ ಅಂತಲೇ ಮಾಡಿದ ಔಷಧಿ ಕಣ್ಣಿಗೆ ಬಿದ್ದರೆ ಉರಿ, ಕೆಲವದರಲ್ಲಿ ಗಾಯವೇ ಆಗುತ್ತದೆ. ಗುಗ್ಗೆ ಕರಗಿಸುವ ಡ್ರಾಪ್ಸ್ ಕೂಡ ನೋಡಲು ಅಂಥದ್ದೇ ಪುಟ್ಟ ಬಾಟಲಿ, ಕರೆಂಟ್ ಹೋದ ರಾತ್ರಿ ಕೈಗೆ ಸಿಕ್ಕಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಮಗಳ ಕಣ್ಣಿನ ವಿಷಯ. ಮಳೆಗಾಲದ ಮದ್ರಾಸ್ ಐ ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ. 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದಲ್ಲೆಲ್ಲ ಹಬ್ಬಿತ್ತಲ್ಲ, ನೆನಪಿರಬೇಕು. ವೈರಸ್‌ಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಟವೆಲ್, ತಲೆದಿಂಬು ಬೇರೆ ಮಾಡಿ, ಕೈ ತೊಳೆಸುತ್ತಿರಿ, ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ರೆಪ್ಪೆ ಒರೆಸಿ. ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವಷ್ಟು ದಪ್ಪ ಪಿಸುರು ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು, ತೋರಿಸಿ. ನೋವು ಜಾಸ್ತಿ, ಬೆಳಕು ನೋಡಲು ಆಗುತ್ತಿಲ್ಲ, ಮಂಜು ಮಂಜಾಗಿ ಕಾಣುತ್ತದೆ ಅಂದರೆ ಅವತ್ತೇ ಹೋಗಬೇಕು.

ಇದಕ್ಕಿಂತ ನನಗೆ ಭಯ ಇರುವುದು ಇನ್ನೊಂದರ ಬಗ್ಗೆ. ನಿಮ್ಮ ಬಾಟಲಿಯ ಹೆಸರಿನ ಕೊನೆಯಲ್ಲಿ ‘ಡಿ’ ಅಕ್ಷರ ಇದೆಯಾ, ಅಥವಾ ಒಳಗಿರುವ ಔಷಧಿಗಳಲ್ಲಿ ಡೆಕ್ಸಾಮೆಥಾಸೋನ್ ಅಂತ ಇದೆಯಾ ನೋಡಿ. ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಹಾಕಿದ ಮಾರನೇ ದಿನವೇ ಕೆಂಪು ಇಳಿಯುತ್ತದೆ, ಹಾಗಾಗಿ ಜನ ಅದನ್ನೇ ಕೇಳಿ ತೆಗೆದುಕೊಳ್ಳುತ್ತಾರೆ. ಕಣ್ಣಿನಲ್ಲಿರುವುದು ಹರ್ಪಿಸ್ ವೈರಸ್ಸೋ ಫಂಗಸ್ಸೋ ಆಗಿದ್ದರೆ ಅದೇ ಸ್ಟೀರಾಯ್ಡ್ ರೋಗವನ್ನು ಒಳಗೊಳಗೇ ಬೆಳೆಸುತ್ತದೆ. ಸುಮ್ನೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕೂಡ ಬರಬಹುದು.

ನಮ್ಮ ಕಡೆ ಫಂಗಸ್ ಅಪರೂಪದ ಮಾತಲ್ಲ. ಗದ್ದೆಯಲ್ಲಿ ಭತ್ತದ ಗರಿ ತಾಗುತ್ತದೆ, ತೋಟದಲ್ಲಿ ಅಡಿಕೆ ಸೋಗೆ ಹೊಡೆಯುತ್ತದೆ, ಸೊಪ್ಪು ಕಡಿಯುವಾಗ ಕಡ್ಡಿ ಸಿಡಿಯುತ್ತದೆ. ಹೀಗೆ ಗಿಡದಿಂದ ಆದ ಗೀರಿನಲ್ಲಿ ಫಂಗಸ್ ಹತ್ತಿಕೊಂಡರೆ ಆಂಟಿಬಯೋಟಿಕ್ ಕೆಲಸಕ್ಕೆ ಬರುವುದಿಲ್ಲ, ಅದಕ್ಕೆ ನಟಾಮೈಸಿನ್‌ನಂಥ ಬೇರೆಯೇ ಔಷಧಿ ಬೇಕು. ಒಬ್ಬರು ಹೀಗೇ ಕಡ್ಡಿ ತಾಗಿದ ಕಣ್ಣಿಗೆ ಮನೆಯಲ್ಲಿದ್ದ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು. ಮೊದಲು ಆರಾಮ ಅನಿಸಿತಂತೆ. ನನ್ನ ಹತ್ತಿರ ಇನ್ನೊಂದು ಬಾಟಲಿ ಕೇಳಲು ಬಂದಾಗ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಲೆ ಕಾಣುತ್ತಿತ್ತು, ಕಣ್ಣೀರು ಇಳಿಯುತ್ತಲೇ ಇತ್ತು. ಔಷಧಿ ಕೊಡದೆ ಶಿವಮೊಗ್ಗಕ್ಕೆ ಕಳಿಸಿದೆ. ಕಣ್ಣು ಉಳಿಯಿತು, ಆದರೆ ಕಲೆ ಹೋಗಲಿಲ್ಲ, ದೃಷ್ಟಿ ಮೊದಲಿನ ಹಾಗೆ ಬರಲಿಲ್ಲ. ಕಣ್ಣಿಗೆ ಗರಿಯೋ ಕಡ್ಡಿಯೋ ತಾಗಿದ್ದರೆ ದಯವಿಟ್ಟು ಯಾವ ಡ್ರಾಪ್ಸೂ ಹುಡುಕಬೇಡಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಣ್ಣಿಗೆ ಸಿಡಿದರೂ ಅಷ್ಟೇ. ಅದರಲ್ಲಿ ಸುಣ್ಣ ಇದೆ. ಮೊದಲು ಕಾಲು ಗಂಟೆಗೆ ಕಡಿಮೆ ಇಲ್ಲದ ಹಾಗೆ ಶುದ್ಧ ನೀರು ಬಿಡುತ್ತಾ ತೊಳೆಯಿರಿ, ಆಮೇಲೆ ಆಸ್ಪತ್ರೆ.

ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟರೆ ಹಾಕುವ ಕ್ರಮ ಕಷ್ಟದ್ದಲ್ಲ. ಕೈ ತೊಳೆದು, ಕೆಳರೆಪ್ಪೆ ಎಳೆದು, ಆ ಗುಳಿಯಲ್ಲಿ ಒಂದು ಹನಿ. ಕಣ್ಣು ಒಂದು ಹನಿಗಿಂತ ಜಾಸ್ತಿ ಹಿಡಿಯುವುದೇ ಇಲ್ಲ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ, ಔಷಧಿ ಗಂಟಲಿಗೆ ಇಳಿಯುವುದಿಲ್ಲ. ಎರಡು ಥರ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ, ಮುಲಾಮು ಕೊನೆಗೆ. ಕೆಂಪು ಹೋಯಿತು ಅಂತ ಎರಡೇ ದಿನಕ್ಕೆ ನಿಲ್ಲಿಸಬೇಡಿ, ಬರೆದಷ್ಟು ದಿನ ಹಾಕಿ.

ಇನ್ನು ಯಜಮಾನರ ಕಿವಿ. ಸೋರುತ್ತಿದೆ ಅಂದರೆ ಕಿವಿಯ ತಮಟೆ ತೂತಾಗಿರಬಹುದು. ತೂತಿದ್ದಾಗ ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಡ್ರಾಪ್ಸ್ ಒಳಕಿವಿಗೆ ಇಳಿದರೆ ಕಿವಿ ಕೇಳಿಸುವುದೇ ಕಡಿಮೆಯಾಗುವ ಅಪಾಯ ಇದೆ. ಸಿಪ್ರೋಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್‌ಗೆ ಆ ತೊಂದರೆ ಇಲ್ಲ, ಆದರೂ ಒಳಗೆ ಏನಾಗಿದೆ ಅಂತ ಒಬ್ಬರು ಬೆಳಕು ಬಿಟ್ಟು ನೋಡಲೇಬೇಕು. ಯಾಕೆಂದರೆ ಈ ತೇವದ ಹವೆಗೆ ಕಿವಿಯಲ್ಲೂ ಫಂಗಸ್ ಬರುತ್ತದೆ, ತುರಿಕೆ ಜಾಸ್ತಿ ಇರುತ್ತದೆ, ಆಂಟಿಬಯೋಟಿಕ್ ಹಾಕಿದಷ್ಟೂ ಅದು ಬೆಳೆಯುತ್ತದೆ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಬೆಂಕಿಕಡ್ಡಿ ಯಾವುದೂ ಬೇಡ. ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿ ಇಟ್ಟು ನೀರು ಹೋಗದಂತೆ ನೋಡಿಕೊಳ್ಳಿ. ಡ್ರಾಪ್ಸ್ ಕೊಟ್ಟರೆ ಬಾಟಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಹಾಕಿ, ತಣ್ಣಗಿದ್ದರೆ ತಲೆ ಸುತ್ತುತ್ತದೆ. ಆ ಕಿವಿ ಮೇಲೆ ಬರುವ ಹಾಗೆ ಐದು ನಿಮಿಷ ಮಲಗಿರಲಿ.

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಣ್ಣಿಗೂ ಕಿವಿಗೂ ವಿಭಾಗ ಇದೆ. ಯಜಮಾನರಿಗೆ ಶುಗರ್ ಇದೆಯಾ ಅಂತ ನೀವು ಬರೆದಿಲ್ಲ. ಶುಗರ್ ಇದ್ದು ರಾತ್ರಿ ನಿದ್ದೆ ಬಾರದಷ್ಟು ಕಿವಿನೋವು ಇದ್ದರೆ, ಅಥವಾ ಕಿವಿಯ ಹಿಂದೆ ಊತ, ಮುಖ ಒಂದು ಕಡೆ ಸೊಟ್ಟ, ಜ್ವರ, ಇವುಗಳಲ್ಲಿ ಒಂದಿದ್ದರೂ ಮಳೆ ನಿಲ್ಲಲಿ ಅಂತ ಕಾಯಬೇಡಿ, ಇವತ್ತೇ ಹೊರಡಿ.