ಚಿನ್ನವೋ, ಅಲ್ಯೂಮಿನಿಯಂ ಚೂರೋ? ಮೆಟಲ್ ಡಿಟೆಕ್ಟರ್ ಪ್ರಶ್ನೋತ್ತರ

ಪ್ರಶ್ನೆ: ಆರು ತಿಂಗಳಿಂದ ಉದ್ಯಾನ, ಆಟದ ಮೈದಾನಗಳಲ್ಲಿ ಹುಡುಕುತ್ತಿದ್ದೇನೆ. ನಾಣ್ಯಗಳು ಬೇಕಾದಷ್ಟು ಸಿಕ್ಕಿವೆ, ಚಿನ್ನದ ಉಂಗುರ ಒಂದೂ ಇಲ್ಲ. ಕಸ ಅಗೆಯುವುದು ಬೇಡವೆಂದು ಅಲ್ಯೂಮಿನಿಯಂ ಹಾಳೆ ಮತ್ತು ಪಾನೀಯದ ಡಬ್ಬಿಯ ಕೊಂಡಿ ಎರಡಕ್ಕೂ ಸದ್ದು ಬರದಂತೆ ಮಾಡಿದ್ದೇನೆ. ತಪ್ಪು ಎಲ್ಲಿದೆ?

ತಪ್ಪು ನೀವು ಕೊನೆಗೆ ಬರೆದ ವಾಕ್ಯದಲ್ಲೇ ಇದೆ. ಕಸದ ಜೊತೆ ಚಿನ್ನವನ್ನೂ ನೀವು ಬಾಯಿ ಮುಚ್ಚಿಸಿದ್ದೀರಿ.

ಡಿಟೆಕ್ಟರಿಗೆ ಲೋಹದ ಹೆಸರು ಗೊತ್ತಿಲ್ಲ. ಅದರ ಕಾಯಿಲ್, ಅಂದರೆ ಕೋಲಿನ ತುದಿಯ ತಟ್ಟೆಯಲ್ಲಿರುವ ತಂತಿ ಸುರುಳಿ, ನೆಲದೊಳಕ್ಕೆ ಏರಿಳಿಯುವ ಕಾಂತಕ್ಷೇತ್ರವನ್ನು ಬಿಡುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ. ಆ ಸುಳಿ ಎಷ್ಟು ತಡವಾಗಿ ಉತ್ತರ ಕೊಟ್ಟಿತು ಎನ್ನುವುದನ್ನು ಯಂತ್ರ ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಆ ತಡಕ್ಕೆ ಲೋಹದ ವಾಹಕತೆ ಒಂದೇ ಕಾರಣವಲ್ಲ, ವಸ್ತುವಿನ ದಪ್ಪ, ಗಾತ್ರ, ಆಕಾರ ಎಲ್ಲವೂ ಸೇರುತ್ತವೆ. ಶುದ್ಧ ಚಿನ್ನ ಒಳ್ಳೆಯ ವಾಹಕ ನಿಜ. ಆದರೆ ಆಭರಣದ ಚಿನ್ನ ಮಿಶ್ರಲೋಹ: 22 ಕ್ಯಾರೆಟ್ ಎಂದರೆ ಸಾವಿರದಲ್ಲಿ ಸುಮಾರು 916 ಭಾಗ, 18 ಕ್ಯಾರೆಟ್ ಎಂದರೆ 750 ಭಾಗ ಚಿನ್ನ. ಬೆರಕೆಯಾದೊಡನೆ ವಾಹಕತೆ ಬಹಳ ಇಳಿಯುತ್ತದೆ. ಹೀಗಾಗಿ ತೆಳು ಉಂಗುರ ಅಲ್ಯೂಮಿನಿಯಂ ಹಾಳೆಯ ಜಾಗದಲ್ಲಿ, ಸ್ವಲ್ಪ ದಪ್ಪನೆಯದು ಡಬ್ಬಿ ಕೊಂಡಿಯ ಜಾಗದಲ್ಲಿ ಬಂದು ಕೂರುತ್ತದೆ. ಬೆಳ್ಳಿ ಮತ್ತು ತಾಮ್ರದ ದೊಡ್ಡ ನಾಣ್ಯಗಳು ಮೇಲಿನ ಸಂಖ್ಯೆಯಲ್ಲಿ ಸ್ಪಷ್ಟವಾಗಿ ಕೇಳುತ್ತವೆ. ನಿಮಗೆ ನಾಣ್ಯ ಮಾತ್ರ ಸಿಗುತ್ತಿರುವುದು ಇದಕ್ಕೇ.

ಕಬ್ಬಿಣವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಸದ್ದು ಬರಲಿ. ಇಡೀ ಮೈದಾನಕ್ಕೆ ಕೈ ಹಾಕದೆ ಹತ್ತು ಮೀಟರ್ ಉದ್ದಗಲದ ಒಂದು ತುಂಡನ್ನು ಆರಿಸಿ, ಮಧ್ಯದ ಸಂಖ್ಯೆಗಳನ್ನೆಲ್ಲ ಅಗೆಯಿರಿ. ಬೆಂಚು, ಕಸದ ಬುಟ್ಟಿಗಳ ಸುತ್ತ ಕಸವೇ ಹೆಚ್ಚು. ಜನ ಓಡುವ, ಚೆಂಡು ಹಿಡಿಯಲು ಬೀಳುವ, ಕೈಗವಸು ಕಳಚುವ ಜಾಗಗಳಲ್ಲಿ ಉಂಗುರ ಜಾರುವುದು ಹೆಚ್ಚು. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ: ಒಂದೇ ಬಗೆಯ ಡಬ್ಬಿ ಕೊಂಡಿಗಳು ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಕೊಡುತ್ತವೆ. ಆ ಗುಂಪಿಗೆ ಸೇರದ ಒಂಟಿ ಸಂಖ್ಯೆ ಕೇಳಿದರೆ ಮೊದಲು ಅದನ್ನೇ ಅಗೆಯಿರಿ. ಸುಕ್ಕಾದ ಹಾಳೆಯ ಸಂಖ್ಯೆ ದಿಕ್ಕು ಬದಲಿಸಿದಾಗ ಕುಣಿಯುತ್ತದೆ. ಉಂಗುರದ್ದು ಅಡ್ಡ ಬೀಸಿದರೂ ಉದ್ದ ಬೀಸಿದರೂ ಸಾಮಾನ್ಯವಾಗಿ ನಿಂತಲ್ಲೇ ನಿಲ್ಲುತ್ತದೆ. ಇದು ಸುಳಿವು ಮಾತ್ರ, ಅಗೆಯದೆ ಖಚಿತವಾಗುವುದಿಲ್ಲ.

ಸರ ಹುಡುಕುವುದು ಇನ್ನೂ ಕಷ್ಟ. ತೆಳು ಸರವನ್ನು ಯಂತ್ರ ಒಂದು ವಸ್ತುವಾಗಿ ಕಾಣುವುದಿಲ್ಲ, ಬಿಡಿ ಬಿಡಿ ಕೊಂಡಿಗಳಾಗಿ ಕಾಣುತ್ತದೆ. ಬಹಳ ಸಲ ಸದ್ದು ಕೊಡುವುದು ಅದರ ಕೊಕ್ಕೆ ಅಥವಾ ಪದಕ. ಒಡೆದ ಉಂಗುರದ ಪಾಡೂ ಇದೇ: ಸುತ್ತು ಕಡಿದಿರುವುದರಿಂದ ಸುಳಿ ವಿದ್ಯುತ್ ಪೂರ್ತಿ ಸುತ್ತಲಾರದು, ಸದ್ದು ಕ್ಷೀಣ. ಇಂಥವುಗಳಿಗೆ ಯಂತ್ರದ ಆವರ್ತನ, ಅಂದರೆ ಕಾಂತಕ್ಷೇತ್ರ ಸೆಕೆಂಡಿಗೆ ಏರಿಳಿಯುವ ಸಲ, 15 ಕಿಲೋಹರ್ಟ್ಸ್‌ಗಿಂತ ಹೆಚ್ಚಿದ್ದರೆ ಒಳ್ಳೆಯದು.

ಪ್ರಶ್ನೆ: ಹುಲ್ಲುಹಾಸಿನಲ್ಲಿ ನಿನ್ನೆ ಒಬ್ಬರ ಮದುವೆಯುಂಗುರ ಬಿದ್ದಿದೆ. ಹುಡುಕಿಕೊಡಲು ಕೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಮಾತಿನಿಂದ. ಯಾವ ಕೈ, ಎಲ್ಲಿ ನಿಂತಿದ್ದರು, ಏನು ಮಾಡುತ್ತಿದ್ದರು, ಕೊನೆಯ ಸಲ ಬೆರಳಲ್ಲಿ ನೋಡಿದ್ದು ಯಾವಾಗ ಎಂದು ಕೇಳಿ. ಹುಲ್ಲು ಕತ್ತರಿಸಲು ಬಿಡಬೇಡಿ, ಕತ್ತರಿಸುವ ಯಂತ್ರ ಉಂಗುರವನ್ನು ದೂರ ಎಸೆಯಬಹುದು, ಜಜ್ಜಲೂಬಹುದು. ಸಂಗಾತಿಯ ಬೆರಳಲ್ಲಿ ಜೋಡಿ ಉಂಗುರವಿದ್ದರೆ ಅದನ್ನು ಬಿಚ್ಚಿಸಿ, ಕಾಯಿಲ್ ಮುಂದೆ ಆಡಿಸಿ ಸಂಖ್ಯೆ ಬರೆದುಕೊಳ್ಳಿ. ಗಾತ್ರ ಬೇರೆಯಾದರೆ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ.

ದಾರ ಕಟ್ಟಿ ಒಂದೊಂದು ಮೀಟರ್ ಅಗಲದ ಪಟ್ಟಿಗಳನ್ನು ಮಾಡಿ. ಉಂಗುರ ಮೇಲೆಯೇ ಇರುವುದರಿಂದ ಸೆನ್ಸಿಟಿವಿಟಿಯನ್ನು (ಯಂತ್ರದ ಸೂಕ್ಷ್ಮತೆಯನ್ನು) ಅರ್ಧಕ್ಕೆ ಇಳಿಸಿದರೆ ಆಳದ ಕಸ ಕಾಟ ಕೊಡುವುದಿಲ್ಲ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ, 2-3 ಸೆಂಟಿಮೀಟರ್ ಎತ್ತರದಲ್ಲಿರಲಿ. ಬೀಸಿನ ಎರಡು ತುದಿಯಲ್ಲೂ ಅದನ್ನು ಮೇಲಕ್ಕೆತ್ತುವುದು ಹೊಸಬರ ಅಭ್ಯಾಸ, ಅಲ್ಲೇ ವಸ್ತು ತಪ್ಪಿಹೋಗುತ್ತದೆ. ಪ್ರತಿ ಬೀಸು ಹಿಂದಿನ ಬೀಸಿನ ಅರ್ಧವನ್ನು ಮುಚ್ಚಬೇಕು. ಉದ್ದಕ್ಕೆ ಮುಗಿದ ಮೇಲೆ ಅಡ್ಡಕ್ಕೂ ಒಮ್ಮೆ ಹೋಗಿ. ಹುಲ್ಲಿನಲ್ಲಿ ಉಂಗುರ ಅಂಚಿನ ಮೇಲೆ ನಿಂತಿದ್ದರೆ ಒಂದು ದಿಕ್ಕಿನಲ್ಲಿ ಕೇಳದ್ದು ಇನ್ನೊಂದರಲ್ಲಿ ಕೇಳುತ್ತದೆ.

ಉಕ್ಕಿನ ಮೂತಿಯ ಬೂಟು ಬೇಡ. ಕಾಯಿಲ್ ಪಕ್ಕದ ಲೋಹ ಎಂಥ ಕೆಲಸವನ್ನೂ ಕೆಡಿಸಬಲ್ಲದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ದೇಹದಲ್ಲಿದ್ದ ಗುಂಡನ್ನು ಪತ್ತೆಹಚ್ಚಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಉಪಕರಣ ತಂದಾಗ, ಹಾಸಿಗೆಯೊಳಗಿನ ಉಕ್ಕಿನ ತಂತಿಗಳೂ ಅಡ್ಡಬಂದವು, ಗುಂಡು ಸಿಗಲಿಲ್ಲ.

ಪ್ರಶ್ನೆ: ಅಗೆದ ಗುಂಡಿ ಮುಚ್ಚಿದರೂ ವಾರದಲ್ಲಿ ಅಲ್ಲಿನ ಹುಲ್ಲು ಒಣಗಿ ಕಂದು ಬಣ್ಣದ ವೃತ್ತ ಉಳಿಯುತ್ತದೆ. ಉದ್ಯಾನದ ಕಾವಲುಗಾರರು ಆಕ್ಷೇಪಿಸಿದ್ದಾರೆ.

ಅವರ ಆಕ್ಷೇಪ ನ್ಯಾಯವಾದದ್ದೇ. ವೃತ್ತ ಎಂದಿರಿ, ಅಂದರೆ ಸುತ್ತಲೂ ಕತ್ತರಿಸುತ್ತಿದ್ದೀರಿ. ಬೇರು ನಾಲ್ಕೂ ಕಡೆ ತುಂಡಾದರೆ ಹುಲ್ಲು ಬದುಕುವುದು ಕಷ್ಟ.

ಮೊದಲು ಜಾಗವನ್ನು ಕರಾರುವಾಕ್ಕಾಗಿ ಗೊತ್ತುಮಾಡಿಕೊಳ್ಳಿ. ಯಂತ್ರದ ಪಿನ್‌ಪಾಯಿಂಟ್ ಬಟನ್ ಒತ್ತಿ ಎಡಬಲ, ಹಿಂದೆಮುಂದೆ ಸರಿಸಿದರೆ ಎರಡು ಗೆರೆ ಕೂಡುವಲ್ಲಿ ವಸ್ತುವಿದೆ. ಕಾಯಿಲನ್ನು 20-30 ಸೆಂಟಿಮೀಟರ್ ಎತ್ತಿದರೂ ಸದ್ದು ಜೋರಾಗಿದ್ದರೆ ಅದು ನಾಣ್ಯವಲ್ಲ, ಡಬ್ಬಿಯಂಥ ದೊಡ್ಡ ವಸ್ತು. ಸದ್ದು ಗೆರೆಯಂತೆ ಉದ್ದಕ್ಕೆ ಸಾಗಿದರೆ ಅದು ನೀರಿನ ಕೊಳವೆ ಅಥವಾ ವಿದ್ಯುತ್ ಕೇಬಲ್, ಅಲ್ಲಿ ಅಗೆಯಲೇಬೇಡಿ.

ವಸ್ತು 5 ಸೆಂಟಿಮೀಟರ್ ಒಳಗೇ ಇದ್ದರೆ ಗುಂಡಿಯೇ ಬೇಡ. ತುದಿ ಮೊಂಡಾದ ಸ್ಕ್ರೂಡ್ರೈವರನ್ನು ಓರೆಯಾಗಿ ಇಳಿಸಿ, ಹುಲ್ಲನ್ನು ಸೀಳಿ, ನಾಣ್ಯವನ್ನು ಮೇಲಕ್ಕೆ ಮೀಟಿ ತೆಗೆಯಿರಿ. ಆಳವಾಗಿದ್ದರೆ ಕುದುರೆ ಲಾಳದ ಆಕಾರದಲ್ಲಿ ಮೂರು ಕಡೆ ಮಾತ್ರ 8-10 ಸೆಂಟಿಮೀಟರ್ ಆಳಕ್ಕೆ ಕತ್ತರಿಸಿ, ನಾಲ್ಕನೆಯ ಕಡೆಯನ್ನು ಕೀಲಿನಂತೆ ಉಳಿಸಿ ಹುಲ್ಲಿನ ಹೆಂಟೆಯನ್ನು ಮಗುಚಿ. ಹೆಂಟೆ ತೆಳುವಾದರೆ ಬೇರು ತುಂಡಾಗಿ ಮಣ್ಣು ಉದುರುತ್ತದೆ, ಆ ಹುಲ್ಲು ಸಾಯುತ್ತದೆ. ಬಿಡಿ ಮಣ್ಣೆಲ್ಲ ಬಟ್ಟೆಯ ಮೇಲೆ ಬೀಳಲಿ. ಗುಂಡಿಯೊಳಗೆ, ಹೆಂಟೆಯ ಅಡಿಯಲ್ಲಿ ಕೈ ಪಿನ್‌ಪಾಯಿಂಟರ್ (ಲೋಹವಿರುವ ಜಾಗ ತೋರಿಸುವ ಪುಟ್ಟ ಡಿಟೆಕ್ಟರ್) ಆಡಿಸಿ. ಗುದ್ದಲಿಯಿಂದ ಕೆದಕಿದರೆ ನಾಣ್ಯದ ಮುಖದ ಮೇಲೆ ಗೀರು ಬೀಳುತ್ತದೆ. ಮುಚ್ಚುವ ಮೊದಲು ಗುಂಡಿಯ ಮೇಲೆ ಮತ್ತೊಮ್ಮೆ ಕಾಯಿಲ್ ಬೀಸಿ, ಒಂದು ನಾಣ್ಯ ಸಿಕ್ಕಲ್ಲಿ ಇನ್ನೊಂದು ಇರುವುದುಂಟು. ಆಮೇಲೆ ಬಟ್ಟೆಯ ಮಣ್ಣನ್ನು ಸುರಿದು, ಹೆಂಟೆ ಮಡಚಿ, ಪಾದದಿಂದ ಗಟ್ಟಿಯಾಗಿ ಒತ್ತಿ. ಒಳಗೆ ಗಾಳಿ ಉಳಿದರೆ ಬೇರು ಒಣಗುತ್ತದೆ. ಒಂದು ಬಾಟಲಿ ನೀರು ಜೊತೆಗಿರಲಿ. ನೆಲ ಬಿರುಕು ಬಿಟ್ಟ ಬೇಸಿಗೆಯಲ್ಲಿ ಹುಲ್ಲುಹಾಸನ್ನು ಮುಟ್ಟದಿರುವುದೇ ಸರಿ, ಮಳೆ ಬಿದ್ದ ಮೇಲೆ ಹೋಗಿ. ತೆಗೆದ ಕಸ ಪೂರ್ತಿ ನಿಮ್ಮ ಚೀಲಕ್ಕೆ.

ಪ್ರಶ್ನೆ: ಕಡಲತೀರದ ಒಣ ಮರಳಿನಲ್ಲಿ ಸುಮ್ಮನಿರುವ ಯಂತ್ರ ಅಲೆ ತಾಗುವ ಒದ್ದೆ ಮರಳಿನಲ್ಲಿ ಒಂದೇ ಸಮನೆ ಅರಚುತ್ತದೆ. ಕೆಟ್ಟಿದೆಯೇ?

ಕೆಟ್ಟಿಲ್ಲ. ಉಪ್ಪುನೀರು ವಿದ್ಯುತ್ ವಾಹಕ, ಒದ್ದೆ ಮರಳೇ ಯಂತ್ರಕ್ಕೆ ಲೋಹದಂತೆ ಕಾಣುತ್ತದೆ. ಒಂದೇ ಆವರ್ತನದ ಯಂತ್ರವಾದರೆ ಆ ಒದ್ದೆ ಮರಳಿನ ಮೇಲೇ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ (ನೆಲದ ಸದ್ದನ್ನು ಲೆಕ್ಕಿಸದಂತೆ ಯಂತ್ರವನ್ನು ಹೊಂದಿಸಿ), ಸೆನ್ಸಿಟಿವಿಟಿ ಇಳಿಸಿ, ಎತ್ತರ ಬದಲಾಗದಂತೆ ಬೀಸಿ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಉಪ್ಪಿನ ಸದ್ದು ಸಣ್ಣ ಚಿನ್ನದ ಸದ್ದಿಗೆ ಹತ್ತಿರವಿರುವುದರಿಂದ ಅದನ್ನು ಅಡಗಿಸಿದರೆ ಕಿವಿಯೋಲೆ, ತೆಳು ಸರವೂ ಅಡಗುತ್ತವೆ. ಏಕಕಾಲಕ್ಕೆ ಹಲವು ಆವರ್ತನ ಬಳಸುವ ಯಂತ್ರಗಳು ಇಲ್ಲಿ ಎಷ್ಟೋ ಮೇಲು. ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಮಿಡಿಸುವ ಪಲ್ಸ್ ಇಂಡಕ್ಷನ್ ಯಂತ್ರ ಉಪ್ಪಿಗೆ ಇನ್ನೂ ಕಡಿಮೆ ಬೆದರುತ್ತದೆ, ಆಳಕ್ಕೂ ಹೋಗುತ್ತದೆ. ಆದರೆ ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಹಿಂದೆ, ಹೇರ್‌ಪಿನ್ನು ಮೊಳೆಗಳನ್ನೆಲ್ಲ ಅಗೆಯುವ ತಾಳ್ಮೆ ಬೇಕು.

ತಣ್ಣೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಉಂಗುರ ಜಾರುವುದು ಆಗಲೇ. ಇಳಿತದ ಹೊತ್ತಿಗೆ ಹೋಗಿ, ಉಬ್ಬರದಲ್ಲಿ ಸೊಂಟದವರೆಗೆ ನೀರಿದ್ದ ಪಟ್ಟಿಯಲ್ಲಿ ಹುಡುಕಿ. ಅಲೆ ಮರಳನ್ನು ಕೊಚ್ಚಿ ಗಟ್ಟಿ ತಳ ಕಾಣುವಲ್ಲಿ ಭಾರದ ವಸ್ತುಗಳು ಉಳಿದಿರುತ್ತವೆ. ಅಲೆ ಹೊಸ ಮರಳನ್ನು ತಂದು ಹೇರಿದ ಕಡೆ ಹಳೆಯದೆಲ್ಲ ಕಾಯಿಲಿನ ಅಳವಿಗೆ ಮೀರಿ ಕೆಳಗೆ ಹೋಗಿರುತ್ತದೆ.

ಪ್ರಶ್ನೆ: ಹೊಸ ನಾಣ್ಯಗಳನ್ನು ಯಂತ್ರ ಕಬ್ಬಿಣ ಎನ್ನುತ್ತದೆ. ಏಕೆ?

ಅವು ನಿಜಕ್ಕೂ ಉಕ್ಕಿನವು. ಹಲವು ದೇಶಗಳು ಈಗ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಲೇಪನ ಕೊಟ್ಟ ಉಕ್ಕಿನಲ್ಲಿ ನಾಣ್ಯ ಮುದ್ರಿಸುತ್ತವೆ. ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಬ್ಬಿಣ ತಡೆಯುವ ಸೆಟ್ಟಿಂಗ್ ಅದನ್ನೂ ತಡೆಯುತ್ತದೆ.

ಪ್ರಶ್ನೆ: ಸಿಕ್ಕ ನಾಣ್ಯಗಳನ್ನು ತೊಳೆಯುವುದು ಹೇಗೆ?

ಚಲಾವಣೆಯ ನಾಣ್ಯಗಳಾದರೆ ಕಲ್ಲು ಹೊಳಪಿಸುವ ಉರುಳು ಡಬ್ಬಿಯಲ್ಲಿ ಅಕ್ವೇರಿಯಂ ಕಲ್ಲು, ನೀರು, ನಾಲ್ಕು ಹನಿ ಪಾತ್ರೆ ಸೋಪು ಹಾಕಿ ಒಂದೆರಡು ಗಂಟೆ ತಿರುಗಿಸಿ. ತಾಮ್ರದವು ಬೇರೆ, ಉಳಿದವು ಬೇರೆ ಇರಲಿ. ಬೆರೆಸಿದರೆ ಎಲ್ಲವೂ ಕೆಂಪಡರಿ ಹೊರಬರುತ್ತವೆ. ಹಳೆಯ ನಾಣ್ಯಕ್ಕೆ ಇದ್ಯಾವುದೂ ಸಲ್ಲದು. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಮಣ್ಣು ತಾನಾಗಿ ಬಿಟ್ಟಷ್ಟು ಬಿಡಲಿ, ಒರೆಸದೆ ಒಣಗಿಸಿ. ಬೆರಳಿನಿಂದ ಮಣ್ಣು ತಿಕ್ಕಿದರೆ ಮರಳಿನ ಕಣಗಳು ಮುದ್ರೆಯನ್ನು ಸವೆಸುತ್ತವೆ. ನಾಣ್ಯ ಬಲ್ಲವರು ಮೊದಲು ನೋಡುವುದೇ ಆ ಗೀರುಗಳನ್ನು.

ಪ್ರಶ್ನೆ: ಸಾರ್ವಜನಿಕ ಜಾಗ ಎಂದಮೇಲೆ ಅನುಮತಿ ಬೇಕೇ? ಸಿಕ್ಕಿದ್ದು ಯಾರದ್ದು?

ಬೇಕು. ಓಡಾಡಲು ತೆರೆದ ಜಾಗ ಅಗೆಯಲೂ ತೆರೆದಿದೆ ಎಂದಲ್ಲ. ನೋಡಿಕೊಳ್ಳುವ ಸಂಸ್ಥೆಯಿಂದ ಬರವಣಿಗೆಯಲ್ಲಿ ಅನುಮತಿ ಪಡೆದು ಜೊತೆಗಿಟ್ಟುಕೊಳ್ಳಿ. ಸಂರಕ್ಷಿತ ಸ್ಮಾರಕ, ಪುರಾತತ್ತ್ವ ನೆಲೆಗಳ ಹತ್ತಿರವೂ ಹೋಗಬೇಡಿ. ಬೇರೆಡೆ ಅಗೆಯುವಾಗ ಹಳೆಯ ನಾಣ್ಯಗಳ ರಾಶಿ, ಮಡಕೆ ಚೂರು, ಮೂಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಜಾಗ ಗುರುತು ಮಾಡಿ ಅಧಿಕಾರಿಗಳಿಗೆ ತಿಳಿಸಿ. ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎನ್ನುವುದೇ ಅದರ ಇತಿಹಾಸ, ಕಿತ್ತ ಮೇಲೆ ಅದು ಮರಳಿ ಬಾರದು. ಬಂದೂಕಿನ ಗುಂಡು, ಫಿರಂಗಿಯ ಶೆಲ್ಲಿನಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರನ್ನು ಕರೆಯಿರಿ.

ಕಳೆದುಹೋದ ಆಭರಣ ಕಳೆದುಕೊಂಡವರದ್ದೇ. ಉಂಗುರದ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ, ಹೆಸರು, ತಾರೀಖು ಕೊರೆದಿರಬಹುದು. ಪೊಲೀಸ್ ಠಾಣೆಗೆ ತಿಳಿಸಿ, ಜಾಗ ನೋಡಿಕೊಳ್ಳುವವರಲ್ಲಿ ವಿಚಾರಿಸಿ. ಪ್ರಕಟಣೆಯಲ್ಲಿ "ಒಂದು ಉಂಗುರ ಸಿಕ್ಕಿದೆ" ಎಂದಷ್ಟೇ ಬರೆಯಿರಿ. ಚಿತ್ರ ಬೇಡ, ಕೊರೆದ ಅಕ್ಷರದ ಸುದ್ದಿಯೂ ಬೇಡ. ಕೇಳಿಕೊಂಡು ಬಂದವರು ಅದರ ಒಳಗೆ ಏನಿದೆ, ಕಲ್ಲು ಎಷ್ಟು, ಅಳತೆ ಏನು ಎಂದು ತಾವೇ ಹೇಳಲಿ.