ಜನಗಣತಿಯಲ್ಲಿ ಹೆಸರು ಸಿಗಲ್ಲ, ಖಾತೆ ಪುಸ್ತಕದಲ್ಲಿ ಸಿಗಬಹುದು

ನೀವು ಕೇಳಿದ್ದು ಇಷ್ಟು. ತೀರ್ಥಹಳ್ಳಿ ಕಡೆಯ ನಿಮ್ಮ ಮುತ್ತಜ್ಜನ ತಮ್ಮ 1930ರ ದಶಕದಲ್ಲಿ ಮನೆ ಬಿಟ್ಟವರು ವಾಪಸ್ ಬರಲಿಲ್ಲ. ತಲೆ ಸರಿ ಇರಲಿಲ್ಲ, ದೊಡ್ಡಾಸ್ಪತ್ರೆಗೆ ಸೇರಿಸಿದ್ದರು ಅಂತ ಒಬ್ಬರು, ಘಟ್ಟ ಇಳಿದು ಹೋದರು ಅಂತ ಇನ್ನೊಬ್ಬರು. ಹಳೆ ಜನಗಣತಿಯಲ್ಲಿ, ಆಸ್ಪತ್ರೆ ದಾಖಲೆಯಲ್ಲಿ ಅವರನ್ನು ಹುಡುಕೋದು ಹೇಗೆ?

ನಮ್ಮ ಮನೆಯಲ್ಲೂ ಹೀಗೇ ಒಬ್ಬರಿದ್ದರು. ಹೊಸನಗರ ತಾಲ್ಲೂಕಿನ ಹಳ್ಳಿ ನಮ್ಮದು. ನನ್ನ ಅಜ್ಜನ ಅಣ್ಣ, ಮನೆಯಲ್ಲಿ ಎಲ್ಲರೂ ದೊಡ್ಡಜ್ಜ ಅಂತಿದ್ದರು. ಜಗಳ ಮಾಡಿಕೊಂಡು ಮುಂಬೈಗೆ ಓಡಿಹೋದರು ಅನ್ನೋದು ನಾವು ಕೇಳಿಕೊಂಡು ಬಂದ ಕಥೆ. ಅವರನ್ನು ಹುಡುಕಲು ನನಗೆ ಎರಡು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಎಂಟು ತಿಂಗಳು ಜನಗಣತಿ ಹಿಂದೆ ಬಿದ್ದು ಹೋಯಿತು. ನಿಮಗೆ ಹಾಗಾಗಬಾರದು.

ನಮ್ಮ ದೇಶದ ಜನಗಣತಿಯಲ್ಲಿ ಹೆಸರು ಹುಡುಕಲು ಆಗುವುದಿಲ್ಲ. ಇಂಗ್ಲೆಂಡಿನಲ್ಲಿ 100 ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನೇ ಜನರ ಮುಂದೆ ಇಡುತ್ತಾರೆ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳೆಲ್ಲ ಅಂಥ ದೇಶಗಳವು. ಮೈಸೂರು ಸೀಮೆಯಲ್ಲಿ 1871ರಿಂದಲೇ ಜನಗಣತಿ ನಡೆದಿದೆ. ಆದರೆ ಲೆಕ್ಕ ಮುಗಿದ ಮೇಲೆ ಹೆಸರಿದ್ದ ಕಾಗದ ಉಳಿಸುತ್ತಿರಲಿಲ್ಲ. ಸ್ವಾತಂತ್ರ್ಯದ ನಂತರದ ಗಣತಿಗಳಿಗೆ 1948ರ ಜನಗಣತಿ ಕಾಯ್ದೆಯೇ ಅಡ್ಡ ಬರುತ್ತದೆ, ಒಬ್ಬರು ಕೊಟ್ಟ ಮಾಹಿತಿಯನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಉಳಿದಿರುವುದು ವರದಿಗಳು ಮಾತ್ರ. ಅದರಲ್ಲಿ ಬರೀ ಅಂಕಿ. 1931ರವರೆಗೆ ಬುದ್ಧಿ ಸ್ವಾಧೀನ ಇಲ್ಲದವರನ್ನು, ಕಿವುಡು-ಮೂಗರನ್ನು, ಕುರುಡರನ್ನು, ಕುಷ್ಠ ಇದ್ದವರನ್ನು ಬೇರೆಯಾಗಿ ಎಣಿಸುತ್ತಿದ್ದರು. ನಿಮ್ಮ ಮುತ್ತಜ್ಜನ ತಮ್ಮ ಆ ಪಟ್ಟಿಯಲ್ಲಿ ಒಂದು ಅಂಕಿಯಾಗಿ ಸೇರಿರಬಹುದು. ಅದನ್ನು ನೋಡಿದಾಗ ನನಗೆ ತುಂಬಾ ಸಂಕಟ ಆಗಿತ್ತು.

ಆಸ್ಪತ್ರೆ ವಿಷಯಕ್ಕೆ ಬರೋಣ. ಇಲ್ಲಿ ನೀವು ಮೊದಲು ಕೇಳಿಕೊಳ್ಳಬೇಕಾದ್ದು, ಅವರು ಹೋಗಿದ್ದು ಯಾವ ಸರ್ಕಾರದ ಜಾಗಕ್ಕೆ ಅಂತ. ಆಗ ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲ ಮೈಸೂರು ಸಂಸ್ಥಾನ. ಸಾಗರ ದಾಟಿ ಸಿದ್ದಾಪುರಕ್ಕೆ ಹೋದರೆ ಮುಂಬೈ ಪ್ರಾಂತ್ಯ. ಘಟ್ಟ ಇಳಿದು ಕುಂದಾಪುರಕ್ಕೆ ಹೋದರೆ ಮದ್ರಾಸ್ ಪ್ರಾಂತ್ಯ. ಒಂದೆರಡು ದಿನ ನಡೆದರೆ ಮೂರು ಸರ್ಕಾರ! ಮೈಸೂರು ಸಂಸ್ಥಾನದ ಮಾನಸಿಕ ರೋಗಿಗಳು ಬೆಂಗಳೂರಿಗೆ ಹೋಗುತ್ತಿದ್ದರು. ಅಲ್ಲಿ 1847ರಲ್ಲಿ ಶುರುವಾದ ಆಸ್ಪತ್ರೆಯೇ 1974ರಲ್ಲಿ ನಿಮ್ಹಾನ್ಸ್ ಆಗಿದ್ದು. ಸಿದ್ದಾಪುರ, ಶಿರಸಿ ಕಡೆಯವರಾಗಿದ್ದರೆ ಧಾರವಾಡದ ಆಸ್ಪತ್ರೆ. ಬ್ರಿಟಿಷರ ಭಾಗದಲ್ಲಿ ಮಾನಸಿಕ ರೋಗಿಗಳ ಬಗ್ಗೆ 1912ರ ಕಾಯ್ದೆ ಇತ್ತು. ಹೆಚ್ಚಾಗಿ ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ಸೇರಿಸುತ್ತಿದ್ದರು. ಅಂದರೆ ಆಸ್ಪತ್ರೆಯಲ್ಲಿ ಕಾಗದ ಹೋಗಿದ್ದರೂ ಕೋರ್ಟಿನ ಕಡತದಲ್ಲಿ ಹುಡುಕಲು ದಾರಿ ಇದೆ.

ಆದರೂ ಆಸ್ಪತ್ರೆಯಿಂದಲೇ ಶುರು ಮಾಡಬೇಡಿ. ಒಳರೋಗಿಗಳ ಕಾಗದವನ್ನು 3 ವರ್ಷ ಇಟ್ಟುಕೊಳ್ಳಬೇಕು ಅಂತ ವೈದ್ಯರಿಗಿರುವ ನಿಯಮ. ಹಳೆಯದು ಉಳಿದಿದ್ದರೆ ನಮ್ಮ ಪುಣ್ಯ. ನಾನು ಹೋದ ಒಂದು ಆಸ್ಪತ್ರೆಯಲ್ಲಿ 1960ಕ್ಕಿಂತ ಹಿಂದಿನ ರಿಜಿಸ್ಟರುಗಳನ್ನೆಲ್ಲ ರದ್ದಿಗೆ ಹಾಕಿದ್ದರು. ಉಳಿದ ನಾಲ್ಕಕ್ಕೆ ಗೆದ್ದಲು ಹಿಡಿದಿತ್ತು. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಇದನ್ನೆಲ್ಲ ಬಿಟ್ಟೇಬಿಡೋಣ ಅನ್ನಿಸಿತ್ತು.

ಕೈ ಹಿಡಿದಿದ್ದು ಜಮೀನಿನ ಕಾಗದ. ಕಾಣೆಯಾದವರ ಹೆಸರಲ್ಲಿ ಹುಡುಕಿದರೆ ಏನೂ ಸಿಗಲ್ಲ. ಊರಲ್ಲಿ ಉಳಿದವರು ತಮ್ಮ ಪಾಲಿಗಾಗಿ ಏನು ಬರೆಸಿದರು ಅಂತ ನೋಡಬೇಕು. ಅಣ್ಣನ ಪಾಲು ತಮ್ಮನಿಗೆ ಬರಬೇಕಾದರೆ ಅಣ್ಣ ಏನಾದ ಅಂತ ಯಾರಾದರೂ ಊರಿನ ಲೆಕ್ಕ ಬರೆಯುವ ಶಾನುಭೋಗರ ಮುಂದೆ ಹೇಳಲೇಬೇಕಿತ್ತು, ಅಲ್ವಾ? 1963ರಲ್ಲಿ ಶಾನುಭೋಗಿಕೆ ರದ್ದಾಯಿತು. ಉಳಿದ ಪುಸ್ತಕಗಳನ್ನು ಈಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಬೇಕು. ನಿಮ್ಮ ಮನೆಯ ಹಳೆ ಸರ್ವೆ ನಂಬರ್ ಹಿಡಿದುಕೊಂಡು ಹೋಗಿ. ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ಆರ್‌ಆರ್ (ಹಕ್ಕುಗಳ ದಾಖಲೆ), ಮ್ಯುಟೇಶನ್ ರಿಜಿಸ್ಟರ್ (ಖಾತೆ ಬದಲಾವಣೆಯ ಪುಸ್ತಕ), ಈ ಮೂರಕ್ಕೂ ನಕಲು ಅರ್ಜಿ ಹಾಕಿ. ಸುಮ್ನೆ ಓಡಾಡಿಸಿದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಹಳೆ ಕೈಬರಹದಲ್ಲಿ ಅಕ್ಷರ ಕೂಡಿಸಿ ಬರೆದಿರುತ್ತಾರೆ, ಓದುವುದು ಕಷ್ಟ. ನಿವೃತ್ತರಾದ ಗ್ರಾಮ ಲೆಕ್ಕಿಗರೊಬ್ಬರು ನನಗೆ ಪಕ್ಕದಲ್ಲಿ ಕೂತು ಓದಿಕೊಟ್ಟರು. ನಿಮ್ಮೂರಲ್ಲೂ ಅಂಥವರು ಇದ್ದೇ ಇರುತ್ತಾರೆ.

ನಮ್ಮ ಪುಸ್ತಕದಲ್ಲಿ 1951ರ ಒಂದು ಸಾಲಿತ್ತು. ಅಣ್ಣ 1938ರಲ್ಲಿ ಶಿವಮೊಗ್ಗೆಯಲ್ಲಿ ಫೌತಿ (ತೀರಿಕೊಂಡರು), ಸಂತಾನ ಇಲ್ಲ. ಹೇಳಿಕೆ ಕೊಟ್ಟವರು ನನ್ನ ಅಜ್ಜ.

ಅಂದರೆ ಅಜ್ಜನಿಗೆ ಗೊತ್ತಿತ್ತು. ಹದಿಮೂರು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮುತ್ತಜ್ಜಿ ತೀರಿಕೊಂಡಿದ್ದು 1950ರಲ್ಲಿ. ಅವರು ಬದುಕಿರುವವರೆಗೆ ಮಗ ಮುಂಬೈಯಲ್ಲಿದ್ದಾನೆ ಅಂತಲೇ ನಂಬಿದ್ದರು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ವರ್ಷ ಸರಿಯೇ ಅಂತ ಖಾತ್ರಿ ಮಾಡಿಕೊಟ್ಟಿದ್ದು ನನ್ನ ಅಜ್ಜಿಯ ಮಾತು. ದೊಡ್ಡಜ್ಜ ಮನೆ ಬಿಟ್ಟು ಹೋಗಿದ್ದು ಬಹುಧಾನ್ಯ ಸಂವತ್ಸರದ ಆರಿದ್ರೆ ಮಳೆಯಲ್ಲಿ ಅಂತ ಅವರು ಹೇಳುತ್ತಿದ್ದರಂತೆ. ಬಹುಧಾನ್ಯ ಅಂದರೆ 1938-39. ಹಿರಿಯರಿಗೆ ಇಸವಿ ನೆನಪಿರಲ್ಲ, ಸಂವತ್ಸರ, ಮಳೆ, ಯಾರದೋ ಮದುವೆ ನೆನಪಿರುತ್ತದೆ. ಅದನ್ನು ಹಾಗೇ ಬರೆದುಕೊಳ್ಳಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಅದೊಂದು ನೋಡಿಕೊಂಡರೆ ಸಾಕು.

ಆಮೇಲೆ ಮರಣದ ಪುಸ್ತಕ. ಇಲ್ಲೂ ನಾನು ಎಡವಿದೆ. ನಮ್ಮ ಹಳ್ಳಿಯ ಪುಸ್ತಕ ಪೂರ್ತಿ ಹುಡುಕಿದೆ. ಸಾವನ್ನು ಬರೆಯುವುದು ಸತ್ತ ಊರಲ್ಲಿ, ಹುಟ್ಟಿದ ಊರಲ್ಲಿ ಅಲ್ಲ. ಶಿವಮೊಗ್ಗದ ಹಳೆ ಪುಸ್ತಕದಲ್ಲಿ ಸಿಕ್ಕಿದರು. ವಯಸ್ಸು 31, ಕಾರಣ ಜ್ವರ. ಆ ಕಾಲದಲ್ಲಿ ಅರ್ಧಕ್ಕರ್ಧ ಸಾವಿಗೆ ಜ್ವರ ಅಂತಲೇ ಬರೆಯುತ್ತಿದ್ದರು, ಮಲೆನಾಡಿನಲ್ಲಂತೂ ಮಲೇರಿಯಾ ಊರೂರನ್ನೇ ಖಾಲಿ ಮಾಡಿತ್ತು. ಆದ್ದರಿಂದ ನಿಮ್ಮವರ ಹೆಸರಿನ ಮುಂದೆ ಜ್ವರ ಅಂತ ಇದ್ದರೆ, ಇವರು ಬೇರೆಯವರು ಅಂತ ಬಿಟ್ಟುಬಿಡಬೇಡಿ. ಅಪ್ಪನ ಹೆಸರು, ಊರು ತಾಳೆ ನೋಡಿ.

ತಿಥಿ ಗೊತ್ತಿಲ್ಲದೆ ಅಲ್ಲಿಯವರೆಗೆ ದೊಡ್ಡಜ್ಜನಿಗೆ ಮಹಾಲಯ ಅಮಾವಾಸ್ಯೆ ದಿನ ಎಡೆ ಇಡುತ್ತಿದ್ದೆವು. ಈಗ ಅವರ ದಿನವೇ ಇಡುತ್ತೇವೆ.

ನಿಮ್ಮ ಮನೆ ಗೇಣಿ ಮಾಡುತ್ತಿದ್ದರೆ ಖಾತೆ ಒಡೆಯರ ಹೆಸರಲ್ಲಿರುತ್ತದೆ. ಆಗ 1974ರ ನಂತರ ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ ಫಾರಂ 7 ಅರ್ಜಿಯ ಕಡತ ಕೇಳಿ. ಜಮೀನು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದರೆ ಭೂಸ್ವಾಧೀನದ ಕಡತ. ಮನೆಯ ಹಿರಿಯರನ್ನು ಕೇಳುವಾಗ ಮಾತ್ರ ಒತ್ತಾಯ ಮಾಡಬೇಡಿ. ಒಬ್ಬರಿಗಾದರೂ ಗೊತ್ತಿದ್ದು, ಹೇಳದೇ ಇರಲು ಅವರಿಗೊಂದು ಕಾರಣ ಇದ್ದಿರಬಹುದು.

ಇನ್ನೊಂದು. ಅವರಿಗೆ ಮದುವೆ ಆಗಿತ್ತಾ ಅಂತ ನೀವು ಬರೆದಿಲ್ಲ. ಆಗಿದ್ದರೆ ಹೆಂಡತಿಯ ತವರು ಯಾವುದು ಅಂತ ಈ ವಾರವೇ ಕೇಳಿ ತಿಳಿದುಕೊಳ್ಳಿ. ಅದು ಘಟ್ಟದ ಕೆಳಗಾಗಿದ್ದರೆ ನೀವು ಮೊದಲು ಹೋಗಬೇಕಾದ್ದು ಕುಂದಾಪುರಕ್ಕೆ, ಬೆಂಗಳೂರಿಗಲ್ಲ.