ಕಾಡು ಸುತ್ತಿದ್ರೆ ಕ್ರೆಡಿಟ್ ಸಿಗುತ್ತಾ?

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಎರಡನೇ ವರ್ಷ. ಅಮೆರಿಕದಲ್ಲಿ ಟೆಂಟ್ ಹೊತ್ಕೊಂಡು ವಾರಗಟ್ಟಲೆ ಕಾಡಲ್ಲಿದ್ದು ಪರಿಸರ ಓದಿದ್ರೆ ಕಾಲೇಜಲ್ಲಿ ಕ್ರೆಡಿಟ್, ಅಂದ್ರೆ ಡಿಗ್ರಿಗೆ ಸೇರೋ ಕಲಿಕೆಯ ಲೆಕ್ಕ, ಕೊಡ್ತಾರಂತೆ. ನಾನು ಕೊಡಚಾದ್ರಿ ನಾಲ್ಕು ಸಲ ಹತ್ತಿದೀನಿ, ಕಾನು ಮನೆ ಹಿಂದೇನೇ ಇದೆ. ನಮಗ್ಯಾಕೆ ಹಂಗೆಲ್ಲ ಇಲ್ಲ?
— ವಿದ್ಯಾರ್ಥಿ, ಹೊಸನಗರ

ಉತ್ತರ: ಕೇಳಿದ್ದು ನಿಜಾನೇ ಕಣಪ್ಪ. ವಯೋಮಿಂಗ್ ರಾಜ್ಯದ ಲ್ಯಾಂಡರ್ ಅನ್ನೋ ಸಣ್ಣ ಊರಲ್ಲಿ 1965ರಲ್ಲಿ ಶುರುವಾದ ನೋಲ್ಸ್ ಅನ್ನೋ ಶಾಲೆ ಇದೆ, ಅದರ ಕೋರ್ಸನ್ನ ಡಿಗ್ರಿಗೆ ಲೆಕ್ಕ ಹಾಕಿಸ್ಕೊಳ್ಳೋರು ಇದಾರೆ, ಆದ್ರೆ ಹಂಗೆ ಲೆಕ್ಕಕ್ಕೆ ತಗೊಳ್ಳೋಕೆ ಒಂದು ಯೂನಿವರ್ಸಿಟಿ ಒಪ್ಪಿರ್ಬೇಕು, ಬೆಟ್ಟ ತಾನಾಗೇ ಏನೂ ಕೊಡಲ್ಲ.

ನಮ್ಮಲ್ಲೂ ಲೆಕ್ಕ ಇದೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿ 2022ರಲ್ಲಿ ತಂದ ಚೌಕಟ್ಟಿನ ಪ್ರಕಾರ ಪಾಠ ಕೇಳಿದ್ರೆ 15 ಗಂಟೆಗೆ ಒಂದು ಕ್ರೆಡಿಟ್, ಫೀಲ್ಡ್ ಕೆಲಸ ಆದ್ರೆ 30 ಗಂಟೆಗೆ ಒಂದು. ನಿನ್ನ ನಾಲ್ಕು ಕೊಡಚಾದ್ರಿ ಸೇರಿಸಿದ್ರೆ ಗಂಟೆಯೇನೋ ಆಗ್ಬಹುದು, ನೋಟ್‌ಬುಕ್ ಎಲ್ಲಪ್ಪ? 2024ರಲ್ಲಿ ನಮ್ಮ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತಲ್ಲ, ಹಾಗಾಗಿ ನಿನ್ನ ಬ್ಯಾಚಿಗೆ ಪ್ರಾಜೆಕ್ಟು, ಇಂಟರ್ನ್‌ಶಿಪ್ಪು ಯಾವ ಸೆಮಿಸ್ಟರಲ್ಲಿ ಇದೆ ಅಂತ ಮೊದಲು ಎಚ್‌ಓಡಿ ಹತ್ರ ಕೇಳು.

ಪರಿಸರ ಪಾಠ ಎಲ್ಲರಿಗೂ ಕಲಿಸಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ, ಆಮೇಲೆ ಯುಜಿಸಿ ಮಾಡಿದ ಪಠ್ಯದಲ್ಲಿ 100ಕ್ಕೆ 25 ಅಂಕ ಫೀಲ್ಡ್ ವರ್ಕಿಗೇ ಇಟ್ಟಿತ್ತು. ನಾನು ಆ ಪೇಪರ್ ಬರೆದಾಗ ನಮ್ಮನ್ನ ಜೋಗಕ್ಕೆ ಕರ್ಕೊಂಡೋಗಿದ್ರು, ಚುರುಮುರಿ ತಿಂದು ಫೋಟೋ ಹೊಡೆಸ್ಕೊಂಡು ಬಂದ್ವಿ, ವರದಿ ಸೀನಿಯರ್ ಒಬ್ಬಳ ರೆಕಾರ್ಡ್ ನೋಡಿ ಇಳಿಸಿದ್ದು, 22 ಬಂತು! ಅಲ್ಲಿ ಬಂಡೆ ಮೇಲೆ ಯಾವ ಗಿಡ ಇತ್ತು ಅಂತ ಯಾರಾದ್ರೂ ಕೇಳಿದ್ರೆ ಇವತ್ತಿಗೂ ತಡವರಿಸ್ತೀನಿ.

ನೀನು ಹಂಗೆ ಮಾಡ್ಬೇಡ. ಶರಾವತಿ, ಮೂಕಾಂಬಿಕಾ, ಶೆಟ್ಟಿಹಳ್ಳಿ ಅಭಯಾರಣ್ಯದೊಳಗೆ ಅಧ್ಯಯನ ಅಂದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ಕಾಲೇಜಿನ ಲೆಟರ್‌ಹೆಡ್ಡಲ್ಲಿ ಅರ್ಜಿ ಹಾಕಿ ಕಾಯೋ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತೆ. ಅದರ ಬದಲು ನಿಮ್ಮ ತೋಟಕ್ಕೆ ಗೊಬ್ಬರದ ಸೊಪ್ಪು ಕಡಿಯೋ ಸೊಪ್ಪಿನ ಬೆಟ್ಟ ಇದೆಯಲ್ಲ, ಅಲ್ಲಿ 20 ಮೀಟರ್ ಚೌಕ ಹಗ್ಗ ಕಟ್ಟು, ಒಳಗಿರೋ ಒಂದೊಂದು ಮರದ ಸುತ್ತಳತೆ ಎದೆ ಎತ್ತರದಲ್ಲಿ, ಸುಮಾರು 1.3 ಮೀಟರಲ್ಲಿ, ಟೇಪ್ ಹಿಡಿದು ಬರ್ಕೋ, ಸಸಿ ಎಷ್ಟಿದೆ ಎಣಿಸು. ಆಮೇಲೆ ಸೊಪ್ಪು ಕಡಿಯದ ಕಾನಿನ ಅಂಚಲ್ಲೂ ಅಷ್ಟೇ ಜಾಗ ಅಳೆ, ಅಲ್ಲಿ ಯಾರದ್ದು ಅಪ್ಪಣೆ ಬೇಕು ಅಂತ ಮೊದಲು ವಿಚಾರಿಸ್ಕೊಂಡು. ಮರದ ಹೆಸರು ಗೊತ್ತಿಲ್ಲ ಅಂದ್ರೆ ಸೊಪ್ಪು ಹೊರೋರನ್ನ ಕೇಳು, ಆಪ್‌ಗಿಂತ ಅವರೇ ವಾಸಿ. ಪ್ರತಿ ದಿನ ತಾರೀಕು, ಗಂಟೆ ಬರೆದು ಗೈಡ್ ಹತ್ರ ಸಹಿ ಹಾಕಿಸ್ಕೋ.

ಪ್ರಶ್ನೆ: ಮಗಳು ಜನವರೀಲಿ ಆಗುಂಬೆ ಕಡೆ ಹತ್ತು ದಿನದ ಮಳೆಕಾಡು ಕ್ಯಾಂಪಿಗೆ ಹೋಗ್ತೀನಿ ಅಂತಿದಾಳೆ, ಸರ್ಟಿಫಿಕೇಟ್ ಕೊಡ್ತಾರಂತೆ, ಮಾರ್ಕ್ಸಿಗೆ ಸೇರುತ್ತಂತೆ. ಮಂಗನ ಕಾಯಿಲೆ ಭಯ ಬೇರೆ, ನಮಗೆ ಕೊನೆಕೊಯ್ಲು ಟೈಮು. ಕಳಿಸ್ಲಾ?
— ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ರಾಯ್ರೇ, ಸರ್ಟಿಫಿಕೇಟ್ ಬೇರೆ, ಕ್ರೆಡಿಟ್ ಬೇರೆ. 2021ರಿಂದ ಕ್ರೆಡಿಟ್ಟಿಗೂ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಬ್ಯಾಂಕ್ ಇದೆ, ಆದ್ರೆ ಅದಕ್ಕೆ ಜಮಾ ಮಾಡೋದು ನೋಂದಾಯಿತ ವಿದ್ಯಾಸಂಸ್ಥೆ, ಕ್ಯಾಂಪ್ ನಡೆಸೋರು ತಾವಾಗೇ ಹಾಕೋಕೆ ಬರಲ್ಲ. ದುಡ್ಡು ಕಟ್ಟೋ ಮುಂಚೆ ಕಾಲೇಜಿಂದ ‘ಇಷ್ಟು ಕ್ರೆಡಿಟ್ ಕೊಡ್ತೀವಿ’ ಅಂತ ಲಿಖಿತವಾಗಿ ತರ್ಲಿ. ತರದಿದ್ರೂ ಕಲಿಯೋಕೆ ಅಂತ ಕಳಿಸೋದು ತಪ್ಪಲ್ಲ, ಲೆಕ್ಕ ಮಾತ್ರ ಗೊತ್ತಿರ್ಲಿ.

ಮಂಗನ ಕಾಯಿಲೆ ಭಯ ಸುಳ್ಳಲ್ಲ. 1957ರಲ್ಲಿ ಮೊದಲು ಕಂಡಿದ್ದೇ ನಮ್ಮ ಸೊರಬ ಕಡೆ ಕ್ಯಾಸನೂರು ಕಾಡಲ್ಲಿ, ಡಿಸೆಂಬರಿಂದ ಮೇ ತನಕ ಅದನ್ನ ಹರಡೋ ಉಣುಗಿನ ಕಾಟ ಜಾಸ್ತಿ, ಜನವರಿ ಅದರ ಮಧ್ಯಾನೇ ಬರುತ್ತೆ. ಉಣುಗು ಹತ್ತದ ಹಾಗೆ ಮೈಗೆ ಹಚ್ಕೊಳ್ಳೋ ಡೆಪಾ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಕೇಳಿ ತಗೊಳ್ಳಿ, ತುಂಬುತೋಳಿನ ಬಟ್ಟೆ ಹಾಕ್ಲಿ, ತರಗೆಲೆ ಮೇಲೆ ಕೂರೋದು ಬೇಡ, ವಾಪಸ್ ಬಂದ ತಕ್ಷಣ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೀಲಿ, ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೇ ಆರೋಗ್ಯ ಇಲ್ಲಾ ಅರಣ್ಯ ಇಲಾಖೆಗೆ ತಿಳಿಸ್ಲಿ. ಜ್ವರ ಬಂದ್ರೆ ಡಾಕ್ಟ್ರಿಗೆ ಕಾಡಿಗೆ ಹೋಗಿದ್ದೆ ಅಂತ ಮೊದಲೇ ಹೇಳ್ಬೇಕು. ಆ ಕಡೆ ಸದ್ಯ ಕಾಯಿಲೆ ಇದೆಯಾ ಅಂತಲೂ ವಿಚಾರಿಸಿ, ಇದ್ರೆ ಕ್ಯಾಂಪನ್ನ ಮಳೆ ಮುಗಿದ ಮೇಲೆ ಅಕ್ಟೋಬರಿಗೆ ಇಟ್ಕೊಳ್ಳೋದು ಒಳ್ಳೇದು, ಆಗ ಉಂಬಳ, ಅದೇ ಜಿಗಣೆ, ಹತ್ತುತ್ತೆ ಅಷ್ಟೇ.

ಕೊನೆಕೊಯ್ಲಿಗೆ ಆಳು ಸಿಗಲ್ಲ ಅನ್ನೋದಕ್ಕೆ ಮಾತ್ರ ಮಗಳನ್ನ ಹಿಡಿದಿಡ್ಬೇಡಿ ಮಾರಾಯ್ರೆ.